ಏನು ಬಿಟ್ಟು ಬಂದೆ ಎಂದು ಕೇಳುತ್ತಿದ್ದ ಮೇಷ್ಟ್ರು

ನಮ್ಮ ಕಾಲೇಜಿನ ಅರ್ಥಶಾಸ್ತ್ರ ವಿಭಾಗದಿಂದ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಮೇಷ್ಟ್ರು ಈ ಕ್ಷೇತ್ರದಲ್ಲಿ ಹೆಸರು ಮಾಡಿದವರ ಸಾಲಿಗೆ ಸೇರಿದವರಲ್ಲ. ದೊಡ್ಡ ಗ್ರಂಥಗಳನ್ನು ಅವರು ಬರೆಯಲಿಲ್ಲ, ಸರಕಾರದ ಸಮಿತಿಗಳಲ್ಲಿ ಕೂರಲಿಲ್ಲ, ಬಜೆಟ್ ಮಂಡನೆಯಾದ ಸಂಜೆ ಟಿವಿಯಲ್ಲಿ ಮುಖ ತೋರಿಸಿ ಅಭಿಪ್ರಾಯ ಹೇಳಲಿಲ್ಲ. ಜೊತೆಗೆ ಕೆಲಸಕ್ಕೆ ಸೇರಿದವರೆಲ್ಲ ಮೇಲಿನ ತರಗತಿಗಳ ಗಹನವಾದ ವಿಷಯಗಳನ್ನು ಹಂಚಿಕೊಂಡು ಮೊದಲ ವರ್ಷದವರ ಗಲಾಟೆಯಿಂದ ಪಾರಾದಾಗ, ಯಾರಿಗೂ ಬೇಡವಾಗಿ ಉಳಿದ ‘ಅರ್ಥಶಾಸ್ತ್ರ ಪ್ರವೇಶ’ವನ್ನು ತಾವಾಗಿಯೇ ಕೇಳಿ ಪಡೆದು, ಸೇವಾವಧಿಯ ಕೊನೆಯವರೆಗೂ ಅದನ್ನೇ ಪಾಠ ಮಾಡಿದರು. ಈ ಊರಿನ ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಬಸ್ ಡಿಪೋದಲ್ಲಿ, ಪೊಲೀಸ್ ಠಾಣೆಯಲ್ಲಿ ಕುಳಿತವರ ಪೈಕಿ ಬೇಡಿಕೆಯ ರೇಖೆಯನ್ನು ಓರೆಯಾಗಿ ಎಳೆಯುವುದನ್ನು ಅವರಿಂದ ಕಲಿಯದವರು ವಿರಳ. ಆ ರೇಖೆ ಬಹುಪಾಲು ಜನರಿಗೆ ಈಗ ಮರೆತುಹೋಗಿದೆ. ಮರೆಯದೆ ಉಳಿದಿರುವುದು ಅವರು ಹಾಜರಿ ಹಾಕುತ್ತಿದ್ದ ರೀತಿ.

ಈ ಲೇಖನವನ್ನು ಬರೆಯಬೇಕಾಗಿದ್ದವಳು ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು. ನಗರದ ಆಂಬುಲೆನ್ಸ್ ನಿಯಂತ್ರಣ ಕೊಠಡಿಯಲ್ಲಿ ಕುಳಿತು, ಬಂದ ಕರೆಗಳನ್ನು ಕೇಳಿ, ಎಲ್ಲಿಗೆ ಗಾಡಿ ಕಳಿಸಬೇಕೆಂದು ನಿರ್ಧರಿಸುವುದು ಆಕೆಯ ಕೆಲಸ. ಸಂಪಾದಕ ಸಮಿತಿ ಕೇಳಿಕೊಂಡಾಗ ಆಕೆ ಮೊದಲು ಆಗುವುದಿಲ್ಲ ಎಂದಳು, ಆಮೇಲೆ ಒಂದು ಷರತ್ತು ಹಾಕಿದಳು. “ಬರೆಯೋದು ನನ್ನ ಕೈಲಾಗಲ್ಲ ಸಾರ್. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ಆದ್ರೆ ಓದೋಕೆ ಚೆನ್ನಾಗಿರ್ಲಿ ಅಂತ ಬಣ್ಣ ಮಾತ್ರ ಹಚ್ಚಬೇಡಿ.” ಹಾಗೆ ಬರೆದುಕೊಂಡವನು ಅದೇ ಕಾಲೇಜಿನ ಸಂಖ್ಯಾಶಾಸ್ತ್ರದ ಉಪನ್ಯಾಸಕ. ಅಭಿನಂದನ ಸಂಪುಟಕ್ಕೆ ಇದು ತಕ್ಕ ಬರಹವೇ ಎಂದು ಸಮಿತಿಯಲ್ಲಿ ಕೆಲವರು ಮೂಗು ಮುರಿದರು. ಮೇಷ್ಟ್ರು ಕರಡನ್ನು ಓದಿ, “ಇರ್ಲಿ, ಹೊಗಳಿಕೆ ಬೇರೆ ಪುಟಗಳಲ್ಲಿ ಬೇಕಾದಷ್ಟಿದೆಯಲ್ಲ” ಎಂದಮೇಲೆ ಅಚ್ಚಿಗೆ ಹೋಯಿತು.

ಮೇಷ್ಟ್ರ ಕೊಠಡಿ ಮಹಡಿಯ ಕೊನೆಯಲ್ಲಿತ್ತು. ಕೆಳಗೆ ಸೈಕಲ್ ಸ್ಟ್ಯಾಂಡು, ಒಳಗೆ ಒಂದು ಕಾಲು ಗಿಡ್ಡವಾದ ಮೇಜು, ಅದರ ಅಡಿಗೆ ಮಡಿಸಿ ಇಟ್ಟ ಹಳೆಯ ಪ್ರಶ್ನೆಪತ್ರಿಕೆ. ಆ ಕೊಠಡಿಯಲ್ಲಿ ‘ಹಾಜರ್ ಸಾರ್’ ಎನ್ನುವಂತಿರಲಿಲ್ಲ. ಅವರು ಸಂಖ್ಯೆ ಕೂಗಿದೊಡನೆ ಎದ್ದು ನಿಂತು, ಈ ಗಂಟೆ ಇಲ್ಲಿ ಕೂರುವುದಕ್ಕಾಗಿ ಏನನ್ನು ಬಿಟ್ಟು ಬಂದೆ ಎಂಬುದನ್ನು ಹೇಳಬೇಕಿತ್ತು. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋದ ಇನ್ನೊಂದೇ ಆ ಆಯ್ಕೆಯ ನಿಜವಾದ ಬೆಲೆ, ಪುಸ್ತಕದಲ್ಲಿ ಅದಕ್ಕೆ ಅವಕಾಶ ವೆಚ್ಚ ಎಂದು ಹೆಸರು, ಹೆಸರು ಮರೆತರೂ ಚಿಂತೆಯಿಲ್ಲ, ಬೆಲೆಯನ್ನು ಮಾತ್ರ ಬಾಯಿಬಿಟ್ಟು ಹೇಳುವುದನ್ನು ಕಲಿಯಿರಿ ಎಂಬುದು ಅವರ ಮೊದಲ ದಿನದ ಪಾಠ. “ಅಂಗಡಿ ಸಾರ್.” “ಮ್ಯಾಚು ಸಾರ್.” “ಅಮ್ಮಂಗೆ ಜ್ವರ ಸಾರ್, ತಂಗೀನ ಕೂರ್ಸಿ ಬಂದಿದೀನಿ.” ಹೀಗೆ ಸಾಗುತ್ತಿತ್ತು ಹಾಜರಿ. ಮೊದಲ ವಾರ ನಗು, ಎರಡನೆಯ ವಾರ ಬೇಜಾರು, ಆಮೇಲೆ ಒಬ್ಬರದನ್ನೊಬ್ಬರು ಕಿವಿಗೊಟ್ಟು ಕೇಳುವ ಮೌನ. ತರಗತಿಯಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತಿದೆಯೆಂಬುದು ಎಲ್ಲರಿಗೂ ಗೊತ್ತಾಗುತ್ತಿದ್ದದ್ದು ಹೀಗೆ.

“ಏನೂ ಇಲ್ಲ ಸಾರ್” ಎಂದವರಿಗೆ ಗೈರುಹಾಜರಿ. ಈ ನಿಯಮವನ್ನು ಮೇಷ್ಟ್ರು ಎಂದೂ ಸಡಿಲಿಸಲಿಲ್ಲ. ಒಮ್ಮೆ ಬಟ್ಟೆ ಅಂಗಡಿಯ ಯಜಮಾನರೊಬ್ಬರು ಜಗಳಕ್ಕೇ ಬಂದರು. ಮಗ ಕಣ್ಣೆದುರಿಗೆ ಬೆಂಚಿನ ಮೇಲೆ ಕೂತಿದ್ದರೂ ಗೈರುಹಾಜರಿ ಹಾಕಿದ್ದೀರಲ್ಲ, ಇದೆಂಥ ನ್ಯಾಯ ಎಂಬುದು ಅವರ ಪ್ರಶ್ನೆ. ಮೇಷ್ಟ್ರು ಕುರ್ಚಿ ಕೊಟ್ಟು ಕೂರಿಸಿ ನಿಧಾನವಾಗಿ ಹೇಳಿದರು: “ನಿಮ್ಮ ಮಗನ ಪ್ಯಾಂಟು ಬಂದಿತ್ತು ಯಜಮಾನ್ರೇ, ಮಗ ಬಂದಿರ್ಲಿಲ್ಲ. ಏನನ್ನೂ ಬಿಡದೆ ಬಂದವನು ಬಂದೇ ಇಲ್ಲ ಅಂತ ನಮ್ಮಲ್ಲಿ ಲೆಕ್ಕ.” ಯಜಮಾನರಿಗೆ ಅರ್ಥವಾಯಿತೋ ಇಲ್ಲವೋ, ಮಾರನೆಯ ದಿನದಿಂದ ಹುಡುಗ ಏನಾದರೊಂದನ್ನು ಹೇಳತೊಡಗಿದ. ಬರಬರುತ್ತಾ ನಿಜವನ್ನೂ ಹೇಳತೊಡಗಿದ.

ಹುಡುಗರಿಗೂ ಸೇಡು ತೀರಿಸಿಕೊಳ್ಳುವ ಹಕ್ಕಿತ್ತು. ಹಾಜರಿ ಮುಗಿದೊಡನೆ ಇಡೀ ತರಗತಿ ಒಕ್ಕೊರಲಿನಿಂದ, “ನೀವು ಸಾರ್?” ಎಂದು ಕೇಳುತ್ತಿತ್ತು. ಮೇಷ್ಟ್ರ ಉತ್ತರ ವರ್ಷಗಟ್ಟಲೆ ಒಂದೇ. “ನಮ್ಮನೆಯವಳ ಜೊತೆ ಎರಡನೇ ಲೋಟ ಕಾಫಿ.” ಅವರ ವೃತ್ತಿಜೀವನದಲ್ಲಿ ಎತ್ತಿ ತೋರಿಸಬಹುದಾದ ದೋಷ ಒಂದಿದ್ದರೆ ಅದು ತಡವಾಗಿ ಬರುವುದು. ಗಂಟೆ ಬಾರಿಸಿ ಕಾರಿಡಾರು ಖಾಲಿಯಾದಮೇಲೆ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಏದುಸಿರು ಬಿಡುತ್ತಾ ಒಳಗೆ ಬರುತ್ತಿದ್ದರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಅವರ ಮನೆಯವರು ಬಂದಿದ್ದಾಗ ಹುಡುಗಿಯರೆಲ್ಲ ಸುತ್ತುಗಟ್ಟಿ, ಪಾಪ, ನಮ್ಮಿಂದಾಗಿ ಸಾರ್ ದಿನಾ ಎರಡನೇ ಲೋಟ ಬಿಟ್ಟು ಬರ್ತಾರಂತೆ ಎಂದು ಮರುಗಿದರು. ಆ ತಾಯಿ ನಕ್ಕು, “ಶುದ್ಧ ಸುಳ್ಳು ಕಣ್ರೇ. ಎರಡನೇದು ಮುಗಿಸೇ ಏಳೋದು ಇವ್ರು. ಬಿಟ್ಟು ಬರೋದು ಮೂರನೇದು” ಎಂದರು. ಮೇಷ್ಟ್ರು ತಲೆ ತಗ್ಗಿಸಿ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಾ ಕುಳಿತಿದ್ದರು.

ಇದನ್ನೆಲ್ಲ ಹೇಳಿ ಬರೆಸಿದ ಆಂಬುಲೆನ್ಸ್ ಕೊಠಡಿಯವಳು ತರಗತಿಗೆ ಸೇರಿದ್ದು ಅದೇ ವರ್ಷ. ಬೆಳಗಿನ ಹೊತ್ತು ಹಾಲಿನ ಡೇರಿಯಲ್ಲಿ ಕ್ರೇಟುಗಳನ್ನು ಲಾರಿಗೆ ಏರಿಸಿ, ಅಲ್ಲಿಂದ ನೇರವಾಗಿ ಕಾಲೇಜಿಗೆ ಬರುತ್ತಿದ್ದಳು. ಅಂಗೈ ತಣ್ಣಗೆ, ಕಣ್ಣು ಕೆಂಪಗೆ. ಸಂಖ್ಯೆ ಕೂಗಿದಾಗ ಪ್ರತಿದಿನವೂ ಆಕೆಯ ಉತ್ತರ “ನಿದ್ದೆ ಸಾರ್.” ವಾರ ಕಳೆಯುವುದರೊಳಗೆ ಅದೇ ಆಕೆಯ ಹೆಸರಾಯಿತು. ನಿದ್ದೆ ಬಂದ್ಲು, ನಿದ್ದೆ ಹೋದ್ಲು, ನಿದ್ದೇನ ಕೇಳಿ ನೋಟ್ಸ್ ಇಸ್ಕೊ. ಮೇಷ್ಟ್ರೂ ಹಾಗೆಯೇ ಕರೆದರು. ಈ ಬರಹದಲ್ಲೂ ಆಕೆ ನಿದ್ದೆಯೇ.

ಆಗ ಮೇಷ್ಟ್ರ ಪಾಠವಿದ್ದದ್ದು ಮೊದಲ ಗಂಟೆಗೆ. ಡೇರಿಯ ಲಾರಿ ತಡವಾದ ದಿನ ಅರ್ಧ ಪಾಠ ತಪ್ಪುತ್ತಿತ್ತು. ಮೇಷ್ಟ್ರು ಯಾರಿಗೂ ಕಾರಣ ಹೇಳದೆ ತಮ್ಮ ಗಂಟೆಯನ್ನು ಸಂಖ್ಯಾಶಾಸ್ತ್ರದವನ ಎರಡನೆಯ ಗಂಟೆಯೊಂದಿಗೆ ಅದಲು ಬದಲು ಮಾಡಿಕೊಂಡರು. ಕಾರಣ ತಿಳಿಯದೆ ವರ್ಷವಿಡೀ ಗೊಣಗಿದ ಆ ಸಂಖ್ಯಾಶಾಸ್ತ್ರದವನೇ ಇದನ್ನು ಬರೆಯುತ್ತಿರುವುದರಿಂದ ಆ ಬಗ್ಗೆ ಹೆಚ್ಚು ಹೇಳುವುದು ಬೇಡ. ಎರಡನೆಯ ಗಂಟೆಗೂ ಮೇಷ್ಟ್ರು ತಡವಾಗಿಯೇ ಬರುತ್ತಿದ್ದರು ಎಂಬುದನ್ನು ಮಾತ್ರ ದಾಖಲಿಸಬೇಕು.

ತರಗತಿಯಲ್ಲಿ ನಿದ್ದೆ ಸ್ವಲ್ಪ ಹೊತ್ತು ಎಚ್ಚರವಿರುತ್ತಿದ್ದಳು, ಆಮೇಲೆ ಕೈಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಮೇಷ್ಟ್ರು ದನಿ ತಗ್ಗಿಸಿ ಪಾಠ ಮುಂದುವರಿಸುತ್ತಿದ್ದರು. ಗಂಟೆಯ ಕೊನೆಗೆ ಆಕೆಯನ್ನು ಎಬ್ಬಿಸಿ ಒಂದು ಪ್ರಶ್ನೆ ಕೇಳುತ್ತಿದ್ದರು. ಆ ಪ್ರಶ್ನೆ ಯಾವಾಗಲೂ ಆಕೆ ಎಚ್ಚರವಿದ್ದಾಗ ಮಾಡಿದ ಪಾಠದಿಂದಲೇ ಬರುತ್ತಿತ್ತೆಂಬುದು ಆಕೆಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಕಣ್ಣು ಮುಚ್ಚಿದ್ದರೂ ತರಗತಿಯಲ್ಲಿ ಮಾತಾಡಿದವರು ಯಾರೆಂದು ದನಿಯಿಂದಲೇ ಗುರುತಿಸುತ್ತಿದ್ದ ಆಕೆಯ ಕಿವಿಯನ್ನು ಮೇಷ್ಟ್ರು ಗಮನಿಸಿದ್ದರು. ನಿಯಂತ್ರಣ ಕೊಠಡಿಗೆ ಜನ ಬೇಕೆಂಬ ಪ್ರಕಟಣೆ ಪೇಪರಿನಲ್ಲಿ ಬಂದ ದಿನ ಅದನ್ನು ಕತ್ತರಿಸಿ ತಂದುಕೊಟ್ಟವರೂ ಅವರೇ. ಆಕೆ ಕೆಲಸಕ್ಕೆ ಸೇರುವ ಮೊದಲು ಮನೆಗೆ ಹೋಗಿ ಹೇಳಿಬಂದಾಗ ಅವರು ಹೇಳಿದ ಮಾತನ್ನು ಆಕೆ ಈಗಲೂ ಅವರ ದನಿಯಲ್ಲೇ ಹೇಳುತ್ತಾಳೆ. “ಅಲ್ಲೂ ಹಾಜರಿ ಇರುತ್ತಮ್ಮ. ಗಾಡಿ ಒಂದು ಕಡೆ ಕಳಿಸಿದಾಗೆಲ್ಲ ಇನ್ಯಾವ ಕಡೆ ಕಳಿಸ್ಲಿಲ್ಲ ಅನ್ನೋದನ್ನ ಬಾಯಿಬಿಟ್ಟು ಹೇಳು. ನಿನಗೆ ನೀನೇ ಹೇಳ್ಕೊಂಡ್ರೂ ಸಾಕು.” ಅವರ ಮನೆಯವರು ಲೋಟ ಕೈಗಿಡುತ್ತಾ, “ಕೆಲಸ ಸಿಕ್ಕಿದೆ ಅಂತ ಹೇಳೋಕೆ ಬಂದವಳಿಗೂ ಪಾಠ ಮಾಡ್ಬೇಕಾ? ನೀನು ಕುಡಿಯಮ್ಮ, ಆರಿಹೋಗುತ್ತೆ” ಎಂದಿದ್ದರು.

ನಿಯಂತ್ರಣ ಕೊಠಡಿಯೆಂದರೆ ದೊಡ್ಡ ಹೆಸರಿನ ಸಣ್ಣ ಕೋಣೆ. ಗೋಡೆಯ ಮೇಲೆ ನಗರದ ನಕ್ಷೆ, ಎರಡು ಫೋನು, ಸದಾ ತೆರೆದಿರುವ ಕಿಟಕಿ. ಕಿಟಕಿಯಾಚೆ ಅಂಗಳದಲ್ಲಿ ಮೂರು ಗಾಡಿಗಳು ನಿಲ್ಲುತ್ತಿದ್ದವು. ಕೂಗಿದರೆ ಡ್ರೈವರನಿಗೆ ಕೇಳುವಷ್ಟು ಹತ್ತಿರ. ನಿದ್ದೆ ಅಲ್ಲಿ ಮೇಷ್ಟ್ರು ಹೇಳಿದಂತೆಯೇ ನಡೆದುಕೊಂಡಳು. ಗಾಡಿ ಗೇಟು ದಾಟುವಾಗ, ಕಾಯಬೇಕಾಗಿ ಬಂದವರ ಬೀದಿಯ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಪಕ್ಕದ ಫೋನಿನವಳು ಇವಳಿಗೆ ತಲೆ ಸ್ವಲ್ಪ ಕೆಟ್ಟಿದೆ ಎಂದು ಮೊದಮೊದಲು ತಮಾಷೆ ಮಾಡಿದಳು, ಆಮೇಲೆ ಸುಮ್ಮನಾದಳು. ಕೊಠಡಿಯ ನಿಯಮ ಮಾತ್ರ ಬೇರೆಯೇ ಇತ್ತು. ಕರೆ ಮಾಡಿದವರಿಗೆ ಯಾವ ಕಾರಣಕ್ಕೂ ‘ಇಲ್ಲ’ ಎನ್ನಬಾರದು, ಗಾಡಿ ಇರಲಿ ಬಿಡಲಿ, ‘ಬರ್ತಿದೆ, ಧೈರ್ಯವಾಗಿರಿ’ ಎನ್ನಬೇಕು. ಪ್ರತಿ ಮಾತೂ ಧ್ವನಿಮುದ್ರಣವಾಗುತ್ತಿತ್ತು.

ಎರಡು ವರ್ಷದ ಹಿಂದೆ ಹೊಸ ಮೇಲ್ಸೇತುವೆಯ ಉದ್ಘಾಟನೆಗೆ ದೊಡ್ಡವರು ಬಂದ ದಿನ, ಮೂರರಲ್ಲಿ ಎರಡು ಗಾಡಿಗಳನ್ನು ವೇದಿಕೆಯ ಹಿಂದೆ ನಿಲ್ಲಿಸಬೇಕೆಂದು ಆದೇಶವಾಗಿತ್ತು. ಮಾಲೆ ಹಾಕಿಸಿಕೊಳ್ಳುವವರಿಗೆ ತಲೆ ಸುತ್ತು ಬಂದರೆ ಎಂಬ ಮುನ್ನೆಚ್ಚರಿಕೆ. ಒಂದನ್ನಾದರೂ ವಾಪಸು ಕಳಿಸಿ ಎಂದು ಬೆಳಿಗ್ಗೆ ನಿದ್ದೆ ಮೇಲ್ವಿಚಾರಕರನ್ನು ಕೇಳಿದಾಗ, “ಒಂದು ಮಧ್ಯಾಹ್ನದ ಮಾತು, ಏನೂ ಆಗಲ್ಲ ಬಿಡಮ್ಮ” ಎಂದರು.

ಮಧ್ಯಾಹ್ನವೇ ಆಯಿತು. ಕಟ್ಟುತ್ತಿದ್ದ ಕಟ್ಟಡವೊಂದರ ಸಾರುವೆಯಿಂದ ಗಾರೆ ಕೆಲಸದವನೊಬ್ಬ ಬಿದ್ದಿದ್ದಾನೆ, ತೊಡೆಯಿಂದ ರಕ್ತ ನಿಲ್ಲುತ್ತಿಲ್ಲ ಎಂದು ಕರೆ ಬಂತು. ಉಳಿದಿದ್ದ ಒಂದು ಗಾಡಿಯ ಡ್ರೈವರನಿಗೆ ಆಕೆ ವಿಳಾಸ ಕೂಗಿ ಹೇಳುತ್ತಿರುವಾಗಲೇ, ಊಟಕ್ಕೆ ಎದ್ದಿದ್ದ ಪಕ್ಕದವಳ ಫೋನು ಹೊಡೆದುಕೊಂಡಿತು. “ಎದೆ ನೋವು ಅಂತಿದಾಳೆ, ತುಂಬ ಬೆವರ್ತಿದಾಳೆ” ಎಂದ ದನಿ ಯಾರದೆಂದು ವಿಳಾಸ ಹೇಳುವ ಮೊದಲೇ ಆಕೆಗೆ ಗೊತ್ತಾಯಿತು. ಮೇಷ್ಟ್ರ ಮನೆ ಹತ್ತಿರ, ಕಟ್ಟಡ ದೂರ. ಗಾಡಿ ಇನ್ನೂ ಅಂಗಳ ಬಿಟ್ಟಿರಲಿಲ್ಲ, ಕಿಟಕಿಯಿಂದ ಒಂದು ಕೂಗು ಹಾಕಿದ್ದರೆ ತಿರುಗುತ್ತಿತ್ತು. ಡ್ರೈವರ್ ಬಾಗಿಲು ಹಿಡಿದು ಆಕೆಯನ್ನೇ ನೋಡುತ್ತಿದ್ದ. ಎದೆ ನೋವಿನವರನ್ನು ಬೇರೆ ಕಾರಿನಲ್ಲಾದರೂ ಕೂರಿಸಿಕೊಂಡು ಹೋಗಬಹುದು, ರಕ್ತ ಸುರಿಯುತ್ತಿರುವವನನ್ನು ಆ ಕಟ್ಟಡದ ಸುತ್ತಮುತ್ತ ಯಾರೂ ತಮ್ಮ ಕಾರಿಗೆ ಹತ್ತಿಸಿಕೊಳ್ಳುವುದಿಲ್ಲ. ಆಕೆಗೆ ತೋಚಿದ್ದು ಅಷ್ಟೇ. ಹೋಗು ಎಂದು ಡ್ರೈವರನಿಗೆ ಕೈಬೀಸಿದಳು.

ಆಮೇಲೆ ಆಕೆ ಫೋನಿನಲ್ಲಿ ಆಡಿದ ಮಾತು ನಿಯಮಕ್ಕೆ ವಿರುದ್ಧವಾದದ್ದು, ಆ ಕೊಠಡಿಯಲ್ಲಿ ಬೇರೆ ಯಾರೂ ಆಡಲಾರದಂಥದ್ದು. “ಸಾರ್, ಗಾಡಿ ಒಂದೇ ಇದೆ. ನಿಮ್ಮನೆ ಬಿಟ್ಟು ಕಟ್ಟಡದಿಂದ ಬಿದ್ದವರ ಹತ್ರ ಕಳಿಸ್ತಿದೀನಿ. ಕಾಯ್ಬೇಡಿ ಸಾರ್, ಪಕ್ಕದ ಮನೆಯವರ ಕಾರು ಕೇಳಿ, ಈಗ್ಲೇ ಹೊರಡಿ.”

ಪಕ್ಕದ ಮನೆಯವರ ಕಾರು ಸಿಕ್ಕಿತು. ಆದರೆ ಮೇಲ್ಸೇತುವೆಯ ಸಮಾರಂಭಕ್ಕಾಗಿ ಆಸ್ಪತ್ರೆಯ ರಸ್ತೆಯನ್ನು ಮುಚ್ಚಿದ್ದರು. ಸುತ್ತುದಾರಿಯ ಸಿಗ್ನಲ್ಲಿನಲ್ಲಿ, ಹಿಂದಿನ ಸೀಟಿನಲ್ಲಿ, ಮೇಷ್ಟ್ರ ತೊಡೆಯ ಮೇಲೆ ತಲೆಯಿಟ್ಟು ಆ ತಾಯಿ ತೀರಿಕೊಂಡರು. ಗಾರೆ ಕೆಲಸದವನು ಆಸ್ಪತ್ರೆಯನ್ನು ಜೀವಸಹಿತ ಸೇರಿದ. ಅದೇ ವಾರ ಅವನೂ ಹೋದ. ಅವನ ಅಣ್ಣ ವಾರ್ಡಿನ ಹೊರಗೆ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದನ್ನು ನಿದ್ದೆ ದೂರದಿಂದ ನೋಡಿ, ಹತ್ತಿರ ಹೋಗಲಾರದೆ ಹಿಂತಿರುಗಿದಳು. ಒಂದು ಜೀವವನ್ನಾದರೂ ಉಳಿಸಿದೆ ಎಂದು ಹೇಳಿಕೊಳ್ಳುವುದಕ್ಕೂ ಆಕೆಗೆ ಏನೂ ಉಳಿಯಲಿಲ್ಲ.

ಮೇಷ್ಟ್ರ ಭಾವಮೈದುನ ದೂರು ಕೊಟ್ಟರು. ಅಕ್ಕನನ್ನು ಕಳೆದುಕೊಂಡವರ ಸಿಟ್ಟು ಯಾರ ಮೇಲಾದರೂ ತಿರುಗಲೇಬೇಕಿತ್ತು. ಇಲಾಖೆಗೂ ಆ ದೂರು ಬೇಕಾಗಿತ್ತು. ತಪ್ಪನ್ನು ಫೋನಿನವಳ ತಲೆಗೆ ಕಟ್ಟಿದರೆ, ವೇದಿಕೆಯ ಹಿಂದೆ ಸುಮ್ಮನೆ ನಿಂತಿದ್ದ ಎರಡು ಗಾಡಿಗಳ ಮಾತೇ ಏಳುವುದಿಲ್ಲ. ಹತ್ತಿರದ ಮನೆಯನ್ನು ಬಿಟ್ಟು ದೂರಕ್ಕೆ ಕಳಿಸಿದ್ದಕ್ಕೆ, ಕರೆ ಮಾಡಿದವರಿಗೆ ಎದೆ ಒಡೆಯುವಂಥ ಮಾತಾಡಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ನೋಟೀಸು ಬಂತು. ಬರ್ತಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಆಕೆಯ ಮೇಲೆ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಮನೆಯಲ್ಲಿ ದುಡಿಯುವವಳು ಆಕೆಯೊಬ್ಬಳೇ. ಆದರೂ ಆಕೆಯನ್ನು ತಿನ್ನುತ್ತಿದ್ದದ್ದು ನೌಕರಿಯ ಚಿಂತೆಯಲ್ಲ. ವಿಚಾರಣೆಗೆ ಸಾಕ್ಷಿಯಾಗಿ ಮೇಷ್ಟ್ರನ್ನು ಕರೆಸಿದ್ದರು.

ಅವರು ಇಸ್ತ್ರಿಯಿಲ್ಲದ ಅಂಗಿಯಲ್ಲಿ ಬಂದರು. ಹೇಳಿದ ಹೊತ್ತಿಗಿಂತ ಬಹಳ ಮುಂಚೆ ಬಂದು ಕಾರಿಡಾರಿನ ಬೆಂಚಿನಲ್ಲಿ ಕುಳಿತಿದ್ದರು. ಅವರು ಬೇಗ ಬಂದದ್ದನ್ನು ನಿದ್ದೆ ತನ್ನ ಜನ್ಮದಲ್ಲಿ ನೋಡಿದ್ದು ಅದೇ ಮೊದಲು. ಆಕೆ ಎದುರಿಗೆ ನಿಂತರೂ ತಲೆಯೆತ್ತಲಿಲ್ಲ.

ಒಳಗೆ ಗಾಜು ಹಾಸಿದ ಉದ್ದ ಮೇಜು, ಆಚೆ ವಿಚಾರಣಾಧಿಕಾರಿ, ಈಚೆ ಮೇಷ್ಟ್ರು, ಗೋಡೆಯ ಪಕ್ಕದ ಸ್ಟೂಲಿನಲ್ಲಿ ನಿದ್ದೆ. ಧ್ವನಿಮುದ್ರಣವನ್ನು ಹಾಕಿದರು. ನಿಮ್ಮನೆ ಬಿಟ್ಟು ಎಂಬ ಆಕೆಯ ಮಾತು ಕೋಣೆಯಲ್ಲಿ ಕೇಳಿಸಿತು. ಅದು ಮುಗಿದಮೇಲೆ, ಫೋನು ಇಡುವ ಮುನ್ನ, ಹಿಂದಿನಿಂದ ಇನ್ನೊಂದು ದನಿ ಕ್ಷೀಣವಾಗಿ ಬಂತು. “ಏನಂತೇರೀ? ಬರ್ತಾರಂತಾ?” ಅದಕ್ಕೆ ಮೇಷ್ಟ್ರ ದನಿ, “ಬರ್ತಾರೆ ಕಣೆ, ಬರ್ತಾರೆ.”

“ಇನ್ನೊಂದ್ಸಲ ಹಾಕ್ತೀರಾ?” ಎಂದರು ಮೇಷ್ಟ್ರು. ಸಾಕ್ಷಿ ಗಟ್ಟಿಯಾಗುತ್ತಿದೆಯೆಂದುಕೊಂಡ ಅಧಿಕಾರಿ ಖುಷಿಯಿಂದಲೇ ಮತ್ತೆ ಹಾಕಿಸಿದರು. ಎರಡನೆಯ ಸಲ ಆ ದನಿ ಬಂದಾಗ ಮೇಷ್ಟ್ರು ಗಾಜಿನ ಮೇಲೆ ಅಂಗೈಯೂರಿ ಕಣ್ಣು ಮುಚ್ಚಿದ್ದರು. ನಿದ್ದೆಗೆ ಆ ಹೊತ್ತಿನಲ್ಲಿ ತಾನು ಸತ್ತಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಈ ಮಾತನ್ನು ಬರೆಯಲೇಬೇಕು ಎಂದು ಆಕೆ ಹೇಳಿದ್ದಾಳೆ.

“ನಿಮಗೆ ನ್ಯಾಯ ಸಿಗ್ಲಿ ಅಂತಾನೇ ಇಷ್ಟೆಲ್ಲ ಮಾಡ್ತಿರೋದು ಮೇಷ್ಟ್ರೇ” ಎಂದರು ಅಧಿಕಾರಿ. “ಇಂಥ ಮಾತು ಆಡಬಾರ್ದಿತ್ತು ಇವ್ರು, ಅಲ್ವಾ?”

“ಆಡೋಕೆ ಕಲಿಸಿದವನು ನಾನು” ಎಂದರು ಮೇಷ್ಟ್ರು. “ನಾನು ನನ್ನ ಹೆಂಡ್ತಿಗೆ ಸುಳ್ಳು ಹೇಳ್ದೆ, ಕೇಳಿಸ್ಕೊಂಡ್ರಲ್ಲ. ಈ ಹುಡುಗಿ ನನಗೆ ಸುಳ್ಳು ಹೇಳ್ಲಿಲ್ಲ. ಹೇಳಿದ್ದಿದ್ರೆ ಬಾಗಿಲಲ್ಲಿ ನಿಂತು ಕಾಯ್ತಾ ಇರ್ತಿದ್ದೆ, ಸಿಗ್ನಲ್ ತನಕಾನೂ ಹೋಗ್ತಿರ್ಲಿಲ್ಲ. ಅದಿರ್ಲಿ, ನಿಮ್ಮ ಹತ್ರ ಒಟ್ಟು ಗಾಡಿ ಎಷ್ಟಿದೆ?”

“ಅದು ಈ ವಿಚಾರಣೆಗೆ ಸಂಬಂಧಪಟ್ಟದ್ದಲ್ಲ.”

“ಹಾಗಾದ್ರೆ ನನ್ನ ಹೆಂಡ್ತಿ ಸತ್ತಿದ್ದೂ ಈ ವಿಚಾರಣೆಗೆ ಸಂಬಂಧಪಟ್ಟದ್ದಲ್ಲ. ಎರಡು ಗಾಡಿ ಆಕೆ ಕೈಯಿಂದ ಕಿತ್ಕೊಂಡು, ಉಳಿದ ಒಂದರಲ್ಲಿ ಯಾಕೆ ತಪ್ಪು ಮಾಡ್ದೆ ಅಂತ ಕೇಳೋಕೆ ನಾಚಿಕೆ ಆಗ್ಬೇಕು ನಿಮಗೆ.” ಇಡೀ ಸೇವಾವಧಿಯಲ್ಲಿ ಯಾರ ಮೇಲೂ ದನಿ ಏರಿಸದಿದ್ದವರು ಅಂದು ಏರಿಸಿದರು. ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. “ಬರ್ಕೊಳಪ್ಪ” ಎಂದರು ಅವನಿಗೆ.

ಹೊರಗೆ ಕಾರಿಡಾರಿನಲ್ಲಿ ಮೇಷ್ಟ್ರು ಆಕೆಗೆ ಬೆನ್ನು ಮಾಡಿಯೇ ನಿಂತು ಕೇಳಿದರು. “ಆ ಗಾರೆ ಕೆಲಸದವನು ಉಳಿದನೇನಮ್ಮ?”

“ಇಲ್ಲ ಸಾರ್.”

“ನೀನು ಮಾಡಿದ್ದು ಸರಿ. ಅವನು ಉಳಿದಿದ್ರೂ ಇದನ್ನೇ ಹೇಳ್ತಿದ್ದೆ, ಉಳೀಲಿಲ್ಲ ಅಂತ ಬೇರೆ ಹೇಳಲ್ಲ” ಎಂದರು. ಮೆಟ್ಟಿಲ ಕಡೆಗೆ ಎರಡು ಹೆಜ್ಜೆ ಹೋಗಿ ಮತ್ತೆ ನಿಂತರು. “ಆದ್ರೆ ನಿನ್ನ ಮುಖ ನೋಡೋಕೆ ನನಗೆ ಸ್ವಲ್ಪ ಕಾಲ ಬೇಕು. ಬೇಜಾರು ಮಾಡ್ಕೋಬೇಡ.”

ನೋಟೀಸು ಕೈಬಿಟ್ಟರು. ಮಾತಿನ ನಿಯಮ ಮೀರಿದ್ದಕ್ಕೆ ಆಕೆಗೆ ಎಚ್ಚರಿಕೆ ಕೊಟ್ಟರು, ಗಾಡಿಗಳನ್ನು ವೇದಿಕೆಯ ಹಿಂದೆ ನಿಲ್ಲಿಸಿದವರನ್ನು ಯಾರೂ ಏನೂ ಕೇಳಲಿಲ್ಲ. ಮೇಲ್ಸೇತುವೆಯ ಮೇಲೆ ಈಗ ಊರೆಲ್ಲ ಓಡಾಡುತ್ತದೆ. ಮೇಷ್ಟ್ರು ಮಾತ್ರ ಹಳೆಯ ರಸ್ತೆಯಲ್ಲೇ ಸುತ್ತು ಬಳಸಿ ಬರುತ್ತಾರೆ. ಅಷ್ಟು ಸುತ್ತಿ ಬಂದರೂ ಎಲ್ಲರಿಗಿಂತ ಮುಂಚೆ ಬಂದಿರುತ್ತಾರೆ.

ಆ ವರ್ಷದಿಂದ ಅವರ ಪಾಠ ಬದಲಾಯಿತು. ‘ಬಯಕೆಗಳು ಅಮಿತ, ಸಂಪನ್ಮೂಲಗಳು ಮಿತ’ ಎಂಬ ಪುಸ್ತಕದ ಮೊದಲ ಸಾಲನ್ನು ಅಷ್ಟು ವರ್ಷ ಅವರು ಬೋರ್ಡಿನ ಮೇಲೆ ಬರೆದು, ಇದು ಪ್ರಕೃತಿಯ ನಿಯಮ ಎಂಬಂತೆ ಮುಂದಕ್ಕೆ ಹೋಗುತ್ತಿದ್ದರು. ಈಗ ಅದರ ಕೆಳಗೆ ಇನ್ನೊಂದು ಸಾಲು ಬಂತು: ‘ಮಿತಿ ಹಾಕಿದವರು ಯಾರು?’ ಏನನ್ನು ಬಿಟ್ಟೆ ಎಂದು ಬಿಟ್ಟವನನ್ನು ಕೇಳುವುದರಲ್ಲೇ ತಾವು ಆಯುಷ್ಯ ಕಳೆದದ್ದು, ಬಿಡಲೇಬೇಕಾಗುವಂತೆ ಮಾಡಿದವರನ್ನು ಕೇಳಲು ಕಲಿಸದೇ ಹೋದದ್ದು ಅರ್ಧ ಪಾಠ ಎಂದು ತರಗತಿಯಲ್ಲಿ ಹೇಳುತ್ತಿದ್ದರು. ಕೆಲವರು ಉತ್ತರಪತ್ರಿಕೆಯಲ್ಲೂ ಆ ಪ್ರಶ್ನೆ ಬರೆದು ಅಂಕ ಕಳೆದುಕೊಂಡರು. ಪ್ರಾಂಶುಪಾಲರು ಕರೆದು ಸಿಲಬಸ್ ತೋರಿಸಿದರು. “ಪರೀಕ್ಷೇಲಿ ಬರೀಬೇಡ್ರಪ್ಪ, ಹೊರಗೆ ಕೇಳಿ” ಎಂದು ಮೇಷ್ಟ್ರು ಹುಡುಗರಿಗೆ ಹೇಳಿದರೇ ಹೊರತು ಸಾಲನ್ನು ಅಳಿಸಲಿಲ್ಲ.

ಹಾಜರಿ ಹಾಗೆಯೇ ನಡೆಯಿತು. ಆದರೆ ಹಾಜರಿಯ ಕೊನೆಗೆ ಬರುತ್ತಿದ್ದ ಪ್ರಶ್ನೆ ನಿಂತುಹೋಯಿತು. ಸೂತಕದ ರಜೆ ಮುಗಿಸಿ ಅವರು ಮೊದಲ ದಿನ ಬಂದಾಗ ಯಾರಿಗೂ ಬಾಯಿ ಬರಲಿಲ್ಲ. ಮುಂದಿನ ವರ್ಷ ಸೇರಿದವರಿಗೆ ಹಿಂದಿನವರು ಹೇಳಿಕೊಟ್ಟರು, ಅದೊಂದನ್ನು ಮಾತ್ರ ಕೇಳಬೇಡಿ ಎಂದು. ಮೇಷ್ಟ್ರು ಪುಸ್ತಕ ಮುಚ್ಚಿ ಕ್ಷಣಕಾಲ ಕಾಯುವರು, ತರಗತಿ ಕಿಟಕಿಯ ಕಡೆ ನೋಡುವುದು, ಅವರು ಸೀಮೆಸುಣ್ಣ ಎತ್ತಿಕೊಳ್ಳುವರು.

ಅವರ ಕೊನೆಯ ತರಗತಿ ನಡೆದದ್ದು ಹೋದ ವಾರ. ಜವಾನ ಹೇಳುವ ಪ್ರಕಾರ, ಅಂದು ಅವನು ಬೀಗದ ಕೈ ತರುವ ಹೊತ್ತಿಗೆ ಅವರು ಬಾಗಿಲಿಗೊರಗಿ ನಿಂತಿದ್ದರು. ಹಳೆಯ ವಿದ್ಯಾರ್ಥಿಗಳು ಗೋಡೆಯುದ್ದಕ್ಕೂ ನಿಂತಿದ್ದರು. ಬರಲೋ ಬೇಡವೋ ಎಂದು ಮೆಟ್ಟಿಲ ಬಳಿ ಬಹಳ ಹೊತ್ತು ತಡೆದು, ಕೊನೆಗೆ ನಿದ್ದೆಯೂ ಬಂದು ಹಿಂದಿನ ಬಾಗಿಲ ಪಕ್ಕ ನಿಂತಳು. ಕಾರಿಡಾರಿನ ಆ ಮಾತಾದಮೇಲೆ ಮೇಷ್ಟ್ರು ಆಕೆಯನ್ನು ಕಂಡಿರಲಿಲ್ಲ. ದಾರಿಯಲ್ಲಿ ಅವರು ಬರುತ್ತಿದ್ದರೆ ಆಕೆಯೇ ಬೀದಿ ಬದಲಿಸುತ್ತಿದ್ದಳು. ಸ್ವಲ್ಪ ಕಾಲ ಎಂದಿದ್ದರು, ಅದು ಮುಗಿಯಿತೋ ಇಲ್ಲವೋ ಕೇಳುವುದು ಹೇಗೆ?

ಈಗಿನವರ ಹಾಜರಿ ಮುಗಿಯಿತು. ಆಮೇಲೆ ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆಯೆತ್ತದೆಯೇ, ಗೋಡೆಯ ಬದಿಯವರನ್ನು ಅವರವರ ಅಡ್ಡಹೆಸರಿನಿಂದ ಕರೆಯತೊಡಗಿದರು. ಬ್ಯಾಂಕಿನವನು ಸರತಿ ಬಿಟ್ಟು ಬಂದಿದ್ದ, ಬಟ್ಟೆ ಅಂಗಡಿಯವನು ಗಿರಾಕಿ ಬಿಟ್ಟು ಬಂದಿದ್ದ. ನಗು ಎದ್ದಿತು. ನಗು ಇಳಿದಮೇಲೆ ಅವರು, “ನಿದ್ದೆ” ಎಂದರು.

“ಫೋನು ಸಾರ್. ಪಕ್ಕದವಳ ಕೈಗೆ ಕೊಟ್ಟು ಬಂದಿದೀನಿ.”

ಅವರು ತಲೆದೂಗಿ ಪುಸ್ತಕ ಮುಚ್ಚಿದರು. ಎಂದಿನಂತೆ ಕ್ಷಣಕಾಲ ಕಾದರು. ತರಗತಿ ಎಂದಿನಂತೆ ಕಿಟಕಿಯ ಕಡೆ ನೋಡಿತು. ಆಗ ಹಿಂದಿನ ಬಾಗಿಲಿನಿಂದ, ಎರಡು ವರ್ಷ ಯಾರೂ ಕೇಳದಿದ್ದದ್ದನ್ನು ಆಕೆ ಕೇಳಿದಳು. “ನೀವು ಸಾರ್?”

ಯಾರೋ ಆಕೆಯ ಕೈ ಜಗ್ಗಿದರು. ಆಕೆ ಬಿಡಿಸಿಕೊಂಡಳು. ಬೇರೆ ಯಾರು ಸುಮ್ಮನಿದ್ದರೂ ತಾನು ಸುಮ್ಮನಿರುವ ಹಾಗಿಲ್ಲ ಎಂದು ಆಕೆಗೆ ಅನ್ನಿಸಿತ್ತು.

“ಏನೂ ಇಲ್ಲಮ್ಮ” ಎಂದರು ಮೇಷ್ಟ್ರು. “ಮನೇಲಿ ಬಿಟ್ಟು ಬರೋಕೆ ಏನೂ ಇಲ್ಲ. ಅದಕ್ಕೇ ಇಷ್ಟು ಬೇಗ ಬಂದ್ಬಿಡ್ತೀನಿ.” ಪುಸ್ತಕವನ್ನು ಮತ್ತೆ ತೆರೆದು, ಎಲ್ಲ ಸಂಖ್ಯೆಗಳ ಕೆಳಗೆ, ಖಾಲಿ ಜಾಗದಲ್ಲಿ ಏನೋ ಗುರುತು ಹಾಕಿದರು. “ನಮ್ಮ ನಿಯಮದ ಪ್ರಕಾರ ಎರಡು ವರ್ಷದಿಂದ ನಾನು ಗೈರುಹಾಜರಿ. ಯಾರೂ ಕೇಳ್ಲಿಲ್ಲ ನೀವು.” ಹಾಗೆಂದು ತಲೆಯೆತ್ತಿ, ಬೆಂಚುಗಳನ್ನೂ ಗೋಡೆಯ ಬದಿಯವರನ್ನೂ ದಾಟಿ, ಆಕೆಯ ಮುಖವನ್ನು ನೋಡಿದರು. ಆಕೆ ಅಳಲಿಲ್ಲ, ಬೇರೆಡೆಗೆ ತಿರುಗಲೂ ಇಲ್ಲ. ಎಷ್ಟು ಹೊತ್ತು ಬೇಕಾದರೂ ನೋಡಲಿ ಎಂದು ನಿಂತೇ ಇದ್ದಳು. ಆಮೇಲೆ ಮೇಷ್ಟ್ರು ಸೀಮೆಸುಣ್ಣ ಎತ್ತಿಕೊಂಡು, ಗಂಟೆ ಬಾರಿಸುವವರೆಗೂ ಪೂರ್ತಿ ಪಾಠ ಮಾಡಿದರು.

ಇಂಥ ಬರಹದ ಕೊನೆಗೆ ದೀರ್ಘಾಯುಷ್ಯವನ್ನು ಹಾರೈಸುವುದು ವಾಡಿಕೆ. ಒಂದೇ ಲೋಟ ತೊಳೆದಿಡುವ ಮನೆಯಲ್ಲಿ ಕಳೆಯಬೇಕಾದ ಆಯುಷ್ಯ ಉದ್ದವಾಗಲಿ ಎನ್ನಲು ಕೈ ತಡೆಯುತ್ತದೆ, ಆದರೂ ಹಾರೈಸುತ್ತೇವೆ, ಏಕೆಂದರೆ ನಮಗೆ ಅವರು ಬೇಕು. ನಿಯಂತ್ರಣ ಕೊಠಡಿಗೆ ಹೊಸದಾಗಿ ಸೇರುವವರಿಗೆ ವಾರಕ್ಕೊಮ್ಮೆ ಮೊದಲ ಪಾಠವನ್ನು ಹೇಳಿಕೊಡಬೇಕೆಂದು ನಿದ್ದೆ ಕೇಳಿಕೊಂಡಿದ್ದಾಳೆ, ಮೇಷ್ಟ್ರು ಒಪ್ಪಿದ್ದಾರೆ. ಅಲ್ಲಿ ಹಾಜರಿ ಕೂಗುವವಳು ಆಕೆ. ಇನ್ನು ಮುಂದೆ ಅವರು ಮನೆಯಿಂದ ಹೊರಡುವಾಗ ಹೊಸ್ತಿಲಲ್ಲಿ ಕಾಲು ತಡೆಯುವಂಥದ್ದು, ಬಿಟ್ಟು ಬರಲು ಮನಸ್ಸಾಗದಂಥದ್ದು, ಎಷ್ಟು ಸಣ್ಣದಾದರೂ ಸರಿ, ಒಳಗೆ ಏನಾದರೊಂದು ಇರಲಿ. ಮೇಷ್ಟ್ರು ತಡವಾಗಿ ಬರಲಿ. ನಾವು ಕಾಯುತ್ತೇವೆ.